ಗೊಂಬೆಯ ಕೌದಿ ಹೊಲಿದದ್ದು ಐದು ವರ್ಷದ ಹುಡುಗಿಯಾ?

ಪ್ರಶ್ನೆ: ನಾನು ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಇಲ್ಲಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಪುಟ್ಟ ಕೌದಿ ಕೊಂಡೆ. 14 ಇಂಚು ಅಗಲ, 17 ಇಂಚು ಉದ್ದ. ಚೂರು ಬಟ್ಟೆಗಳನ್ನು ಚೌಕ ಚೌಕವಾಗಿ ಜೋಡಿಸಿ ಹೊಲಿದದ್ದು. "ಗೊಂಬೆಯ ಹಾಸಿಗೆಗೆ ಮಾಡಿದ್ದು. 1850ರಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಹೊಲಿಗೆ ಕಲಿಯುತ್ತಾ ಹೊಲಿದಳು" ಎಂದರು ಅಂಗಡಿಯವರು. ನಂಬಬಹುದಾ? ಆಗ ಹುಡುಗಿಯರಿಗೆ ನಿಜವಾಗಿಯೂ ಹೀಗೆ ಕಲಿಸುತ್ತಿದ್ದರಾ? ನಮ್ಮಜ್ಜಿ ಧಾರವಾಡದ ಕಡೆ ಕೌದಿ ಹೊಲಿಯುತ್ತಿದ್ದರು. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ಇದನ್ನು ತೊಳೆಯಬಹುದಾ? ಮುಂದಿನ ಮತ್ತು ಹಿಂದಿನ ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ತೊಳೆಯುವ ವಿಷಯ. ತೊಳೆಯಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ನೀವು ಇದನ್ನು ಓದಿ ಮುಗಿಸುವಷ್ಟರಲ್ಲಿ ಮನೆಯಲ್ಲಿ ಯಾರಾದರೂ ಬಕೆಟ್ಟಿಗೆ ಹಾಕಿಬಿಟ್ಟರೆ ಕಷ್ಟ.

ಇನ್ನು ಅಂಗಡಿಯವರ ಮಾತು. ಅದರಲ್ಲಿ ಮೂರು ಸಂಗತಿಗಳಿವೆ: ಗೊಂಬೆಯದ್ದು, 1850ರದ್ದು, ಐದು ವರ್ಷದ ಹುಡುಗಿಯದ್ದು. ಮೊದಲನೆಯದು ಹೆಚ್ಚುಕಮ್ಮಿ ನಿಜ. ಎರಡನೆಯದು ತಪ್ಪು. ಮೂರನೆಯದನ್ನು ಯಾರೂ ಸಾಬೀತು ಮಾಡಲು ಆಗುವುದಿಲ್ಲ. ಆದರೆ ನಿಮ್ಮ ಕೌದಿಯಲ್ಲೇ ಅದರ ಬಗ್ಗೆ ಒಂದು ಒಳ್ಳೆಯ ಸುಳಿವಿದೆ. ಇಂಥ ವಸ್ತುವಿನ ಜೊತೆ ಬರುವ ಕಥೆಯನ್ನು ನಾನು ಸುಮ್ನೆ ಕೇಳಿಸಿಕೊಂಡು ಪಕ್ಕಕ್ಕಿಡುತ್ತೇನೆ. ಮೊದಲು ನೋಡುವುದು ಹೊಲಿಗೆಯನ್ನು.

ನಿಮ್ಮದರಲ್ಲಿ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು, ಒಟ್ಟು 20 ಮನೆಗಳಿವೆ. ಅದರಲ್ಲಿ ಹತ್ತು ಮನೆಗಳನ್ನು ಒಂಬತ್ತೊಂಬತ್ತು ತುಂಡು ಸೇರಿಸಿ ಮಾಡಿದ್ದಾರೆ. ಉಳಿದ ಹತ್ತು ಒಂದೇ ಬಟ್ಟೆಯವು. ಅಮೆರಿಕದಲ್ಲಿ ಇದಕ್ಕೆ 'ನೈನ್ ಪ್ಯಾಚ್' ಅನ್ನುತ್ತಾರೆ. ಕಲಿಯುವವರಿಗೆ ಮೊದಲು ಕೊಡುತ್ತಿದ್ದದ್ದು ನಾಲ್ಕು ತುಂಡಿನದು, ಆಮೇಲೆ ಇದು. ಎಲ್ಲವೂ ನೇರ ಗೆರೆ, ಓರೆ ಕತ್ತರಿಸುವ ತಾಪತ್ರಯ ಇಲ್ಲ.

ಮೂರನೇ ಸಾಲಿನ ಮೂರನೇ ಮನೆ ನೋಡಿ. ಅಲ್ಲೊಂದು ವೈನ್ ಬಣ್ಣದ ಚೂರಿದೆ, ಮೇಲೆ ಸಣ್ಣ ಬಿಳಿ ಚುಕ್ಕಿ. ಅಂಗಡಿಯವರ 1850 ಬಿದ್ದುಹೋಗುವುದು ಇಲ್ಲೇ. ಈ ಬಗೆಯ ಅಚ್ಚಿನ ಬಟ್ಟೆ ಜಾಸ್ತಿ ಓಡಿದ್ದು 1890ರಿಂದ 1910ರವರೆಗೆ. ಸುತ್ತಲಿನ ಕಂದು, ಗುಲಾಬಿ ಬಟ್ಟೆಗಳು ಅದಕ್ಕಿಂತ ಹಳೆಯವು ಇರಬಹುದು. ಚೂರುಗಳನ್ನು ಎತ್ತಿಡುವ ಗಂಟಿನಲ್ಲಿ ಅಜ್ಜಿಯ ಕಾಲದ ಬಟ್ಟೆಯೂ ಇರುತ್ತದೆ, ಅಲ್ವಾ? ಹಾಗಾಗಿ ನಮ್ಮ ಲೆಕ್ಕ ಸರಳ: ಕೌದಿಯೊಂದು ತನ್ನೊಳಗಿನ ಅತಿ ಹೊಸ ಬಟ್ಟೆಗಿಂತ ಹಳೆಯದಾಗಲು ಸಾಧ್ಯವಿಲ್ಲ. ಅಂಚಿನ ಪಟ್ಟಿಯನ್ನು ಮೆಷಿನ್ ಮೇಲೆ ಹೊಲಿದಿದ್ದಾರೆ, ಅದೂ ಈ ಲೆಕ್ಕಕ್ಕೆ ಹೊಂದುತ್ತದೆ. ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಸಾಧಾರಣ ಮನೆಗಳಿಗೆ ಮೆಷಿನ್ ಬರಲು ಇನ್ನೂ ಒಂದೆರಡು ದಶಕ ಹಿಡಿಯಿತು. ನಿಮ್ಮದು 1890ರ ನಂತರದ್ದು ಎಂದರೆ ಬೇಸರ ಮಾಡಿಕೊಳ್ಳಬೇಡಿ. ನೂರು ವರ್ಷ ದಾಟಿದ ಸರಕೇ ಅದು.

ಗೊಂಬೆಯದ್ದೇ ಅಂತ ಹೇಗೆ ಗೊತ್ತು? ತೊಟ್ಟಿಲ ಮಗುವಿನ ಕೌದಿ ಸುಮಾರಾಗಿ ಒಂದು ಗಜದಷ್ಟು, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ದೊಡ್ಡದು ಇರುತ್ತದೆ. 14 ಇಂಚಿನದ್ದು ಮಗುವಿನ ಕಾಲಿಗೂ ಸಾಲದು. ಆದರೆ ಇನ್ನೊಂದು ಸಾಧ್ಯತೆ ಇದೆ, ಅದನ್ನು ಯಾವಾಗಲೂ ಪರೀಕ್ಷಿಸಬೇಕು: ಹರಿದ ದೊಡ್ಡ ಕೌದಿಯ ಚೆನ್ನಾಗಿರುವ ಮೂಲೆಯನ್ನು ಕತ್ತರಿಸಿ, ಅಂಚು ಕಟ್ಟಿ, 'ಗೊಂಬೆಯದ್ದು' ಎಂದು ಮಾರುವುದು. ನಾನೂ ಒಮ್ಮೆ ಮೋಸಹೋಗಿದ್ದೇನೆ. ಹಳೇ ಪದ್ಧತಿಯಲ್ಲೇ ಬದುಕುವ ಆಮಿಶ್ ಎಂಬ ಕ್ರೈಸ್ತ ಪಂಗಡದವರ ತೊಟ್ಟಿಲ ಕೌದಿ ಎಂದು ಒಂದನ್ನು ಕೊಂಡು, ಮನೆಗೆ ತಂದು, ದೀಪದ ಕೆಳಗೆ ಹರಡಿದೆ. ಮೇಲಿನ ಬಳ್ಳಿಯ ಹೊಲಿಗೆ ಅಂಚಿಗೆ ಬಂದು ಎಲೆಯ ನಡುವೆಯೇ ತುಂಡಾಗಿತ್ತು! ಬಳ್ಳಿ ಬರೆದವಳು ಎಲೆಯನ್ನು ಅರ್ಧಕ್ಕೆ ಬಿಡುತ್ತಾಳೆಯೇ? ನಿಮ್ಮದರಲ್ಲಿ ಆ ಭಯ ಇಲ್ಲ. ನಾಲ್ಕೂ ಕಡೆ ಒಂದೇ ಅಗಲದ ಪಟ್ಟಿ ಇದೆ, ಮನೆಗಳೆಲ್ಲ ಪೂರ್ತಿ ಇವೆ. ಮುಖ್ಯವಾಗಿ ಒಂದೊಂದು ತುಂಡೂ ಒಂದೇ ಇಂಚಿನದು. ಪುಟ್ಟದಾಗಿಯೇ ಇರಲಿ ಎಂದು ಯೋಚಿಸಿ ಕತ್ತರಿಸಿದ್ದು ಅದು.

ಈ ಕತ್ತರಿ ಪ್ರಯೋಗ ಜಾಸ್ತಿಯಾದದ್ದು ಕೌದಿಗೆ ಬೆಲೆ ಬಂದಮೇಲೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಕೌದಿಗಳನ್ನು ಚಿತ್ರಗಳ ಹಾಗೆ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. ಅಲ್ಲಿಂದ ಹಳೇ ಹೊದಿಕೆಗಳು ಕಲಾವಸ್ತುಗಳಾದವು. ಚಿಕ್ಕವು ಗೋಡೆಗೆ ಹೇಳಿಮಾಡಿಸಿದ ಹಾಗಿದ್ದವು. 1990ರ ದಶಕದಿಂದ ಹಳೆಯ ಅಚ್ಚಿನ ನಕಲು ಬಟ್ಟೆಗಳೂ ಧಾರಾಳವಾಗಿ ಸಿಗುತ್ತವೆ. ಅದನ್ನು ಚಹಾದಲ್ಲಿ ಅದ್ದಿ ಹಳೆಯದಾಗಿಸುವವರೂ ಇದ್ದಾರೆ. ನೋಟು ಪರೀಕ್ಷಿಸುವ ನೀಲಿ ಟಾರ್ಚ್ ಇದ್ದರೆ ಕತ್ತಲಲ್ಲಿ ಹಿಡಿದು ನೋಡಿ. ಎರಡನೇ ಮಹಾಯುದ್ಧದ ನಂತರದ ಬಿಳಿ ಬಟ್ಟೆ, ದಾರ ಬಹಳ ಸಲ ನೀಲಿಯಾಗಿ ಹೊಳೆಯುತ್ತದೆ. ಹಳೇ ಬಟ್ಟೆಯನ್ನು ಯಾರಾದರೂ ಈಗಿನ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹೊಳೆಯುತ್ತದೆ. ಹಾಗಾಗಿ ಪೂರ್ತಿ ಬಟ್ಟೆ ಹೊಳೆದರೆ ಗಾಬರಿ ಬೇಡ. ಒಳಗಿನ ದಾರ ಮಾತ್ರ ಹೊಳೆದರೆ ಅನುಮಾನಪಡಿ.

ಇನ್ನು ಕಲಿಕೆಯ ಮಾತಿಗೆ ಬರೋಣ. ಹೌದು, ನಿಜವಾಗಿಯೂ ಹೀಗೆ ಕಲಿಸುತ್ತಿದ್ದರು. 19ನೇ ಶತಮಾನದ ಅಮೆರಿಕದಲ್ಲಿ ನಾಲ್ಕೈದು ವರ್ಷಕ್ಕೇ ಹುಡುಗಿಯ ಕೈಗೆ ಸೂಜಿ ಬರುತ್ತಿತ್ತು. ದಿನಕ್ಕೆ ಇಷ್ಟು ಅಂತ ಪಾಲು ನಿಗದಿ. ಅದು ಮುಗಿದಮೇಲೆ ಆಟ. ಆದರೆ ಅವಳಿಗೆ ಕಲಿಸುತ್ತಿದ್ದದ್ದು ಕೌದಿ ಮಾಡುವುದನ್ನು ಅಲ್ಲ. ಎರಡು ಅಂಚುಗಳನ್ನು ಒಟ್ಟಿಗೆ ಹಿಡಿದು, ದಾರವನ್ನು ಅಂಚಿನ ಮೇಲಿಂದ ಸುತ್ತಿ ತಂದು, ಒತ್ತೊತ್ತಾಗಿ ಹೊಲಿಯುವುದನ್ನು. ಮನೆಯ ದುಪ್ಪಟಿ ಹೊಲಿಯಲು ಬೇಕಾಗುತ್ತಿದ್ದದ್ದು ಇದೇ ಹೊಲಿಗೆ. ಮಗ್ಗದ ಬಟ್ಟೆ ಹಾಸಿಗೆಯಷ್ಟು ಅಗಲ ಬರುತ್ತಿರಲಿಲ್ಲ, ಎರಡು ಪನ್ನ ಸೇರಿಸಬೇಕಿತ್ತು. ಚೂರು ಬಟ್ಟೆ ಹಾಳಾದರೆ ನಷ್ಟವಿಲ್ಲ, ದುಪ್ಪಟಿ ಹಾಳಾದರೆ ಅಮ್ಮ ಸುಮ್ನಿರುತ್ತಾಳೆಯೇ? ಹಾಗಾಗಿ ಗೊಂಬೆಯ ಹಾಸಿಗೆಯೇ ಕಾಪಿ ಪುಸ್ತಕವಾಯಿತು.

ನಿಮ್ಮ ಕೌದಿಯ ಹೊಲಿಗೆಯ ಉದ್ದವನ್ನು ಲೆಕ್ಕ ಹಾಕಿದೆ. ಒಂಬತ್ತು ತುಂಡಿನ ಒಂದು ಮನೆಗೆ 12 ಇಂಚು ಹೊಲಿಗೆ, ಹತ್ತು ಮನೆಗೆ 120. ಮನೆಗಳನ್ನು ಒಂದಕ್ಕೊಂದು ಸೇರಿಸಲು ಇನ್ನೂ 93. ಅಂಚಿನ ಪಟ್ಟಿ ಬಿಟ್ಟು ಸುಮಾರು 18 ಅಡಿ. ಅಂದರೆ ಆರು ಗಜದ ಸೀರೆಯಷ್ಟು ಉದ್ದ! ಇಂಚಿಗೆ ಹತ್ತೇ ಹೊಲಿಗೆ ಎಂದುಕೊಂಡರೂ ಎರಡು ಸಾವಿರ ದಾಟುತ್ತದೆ. ಅಂಗೈ ಅಗಲದ ಆಟದ ಸಾಮಾನು ಎಂದುಕೊಂಡಿದ್ದಿರಲ್ಲ, ಅದರೊಳಗೆ ಇಷ್ಟು ಕೆಲಸ ಇದೆ.

ಇಷ್ಟು ಅವಸರವಾಗಿ ಯಾಕೆ ಕಲಿಸಬೇಕಿತ್ತು ಅಂದರೆ, ಮೆಷಿನ್ ಬರುವ ಮೊದಲು ಮನೆಮಂದಿಯ ಬಟ್ಟೆಯೆಲ್ಲ ಕೈಹೊಲಿಗೆಯದೇ. ಗಂಡಸಿನ ಒಂದು ಅಂಗಿಗೆ ಕೈಯಲ್ಲಿ 14 ಗಂಟೆಗೂ ಜಾಸ್ತಿ, ಮೆಷಿನ್ನಿನಲ್ಲಿ ಒಂದೂಕಾಲು ಗಂಟೆ ಎಂದು 1860ರ ಸುಮಾರಿಗೆ ಹೊಲಿಗೆ ಯಂತ್ರದ ಕಂಪನಿಯೊಂದು ಲೆಕ್ಕ ಕೊಟ್ಟಿತ್ತು. ಮಾರುವವರ ಲೆಕ್ಕ, ಸ್ವಲ್ಪ ಉಪ್ಪು ಖಾರ ಇದ್ದೀತು. ಆದರೂ ಅಂದಾಜು ಸಿಗುತ್ತದೆ.

ಚೂರು ಬಟ್ಟೆ ಮಕ್ಕಳ ಕೈಗೆ ಸಿಗುವಷ್ಟು ಅಗ್ಗವಾದದ್ದಕ್ಕೂ ಒಂದು ಕಾರಣವಿದೆ. 1790ರಲ್ಲಿ ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ ಸ್ಯಾಮುಯೆಲ್ ಸ್ಲೇಟರ್ ಯಂತ್ರದಲ್ಲಿ ಹತ್ತಿ ನೂಲುವುದನ್ನು ಶುರುಮಾಡಿದ. 1820ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ದೊಡ್ಡ ಗಿರಣಿಗಳೆದ್ದವು. ಅಚ್ಚಿನ ಹತ್ತಿ ಬಟ್ಟೆಯ ಬೆಲೆ ಇಳಿಯಿತು. ಆ ಹತ್ತಿ ಬೆಳೆದವರು ದಕ್ಷಿಣದ ಗುಲಾಮರು. ಗೊಂಬೆ ಕೌದಿಯ ಬಗ್ಗೆ ಮುದ್ದುಮುದ್ದಾಗಿ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ.

ಇಲ್ಲಿ ಇಬ್ಬರು ಹೆಣ್ಣುಮಕ್ಕಳ ಕಥೆ ಹೇಳಲೇಬೇಕು. ಒಬ್ಬಳು ಲೂಸಿ ಲಾರ್ಕಮ್. 1824ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದವಳು, ಮುಂದೆ ಕವಿಯಾದಳು. ಚಿಕ್ಕವಳಿದ್ದಾಗ ಚೂರು ಬಟ್ಟೆಗಳನ್ನು ವಿಂಗಡಿಸುವುದು ಅವಳಿಗೆ ಇಷ್ಟವಿತ್ತಂತೆ. ಪ್ರತಿ ಚೂರೂ ಯಾರೋ ಉಟ್ಟ ಗೌನಿನದು, ನೋಡಿದರೆ ಅವರೇ ನೆನಪಾಗುತ್ತಿದ್ದರು ಎಂದು ಬರೆದಿದ್ದಾಳೆ. ಅಪ್ಪ ತೀರಿಹೋದ. ಅಮ್ಮ ಲೋವೆಲ್‌ಗೆ ಬಂದು ಗಿರಣಿ ಕೆಲಸದ ಹುಡುಗಿಯರಿಗೆ ಊಟ ವಸತಿಯ ಮನೆ ನಡೆಸಿದಳು. ಲೂಸಿ ಹನ್ನೊಂದರ ಸುಮಾರಿಗೆ ಗಿರಣಿಗೆ ಸೇರಿ ದಾರ ತುಂಬಿದ ಉರುಳೆಗಳನ್ನು ಬದಲಾಯಿಸುವ ಕೆಲಸ ಮಾಡಿದಳು. ಬಟ್ಟೆಯ ಚೂರು ಆರಿಸುತ್ತಿದ್ದ ಕೈ ಬಟ್ಟೆಯ ಗಿರಣಿಗೇ ಹೋಯಿತು.

ಇನ್ನೊಬ್ಬಳು ಲಿಡಿಯಾ ಮರಿಯಾ ಚೈಲ್ಡ್. 1829ರಲ್ಲಿ ಮಿತವ್ಯಯದ ಸಂಸಾರ ಹೇಗೆ ಮಾಡಬೇಕು ಅಂತ ಪುಸ್ತಕ ಬರೆದು ಮನೆಮಾತಾದವಳು. ಇಡೀ ಬಟ್ಟೆಯನ್ನು ಹರಿದು ಮತ್ತೆ ಜೋಡಿಸುವುದು ಮೂರ್ಖತನ ಎಂದು ಅವಳೇ ಬೈದಳು. ಸ್ವಲ್ಪ ವರ್ಷದಲ್ಲಿ ಹುಡುಗಿಯರಿಗಾಗಿ ಇನ್ನೊಂದು ಪುಸ್ತಕ ಬರೆದಾಗ ಒಂದು ರಿಯಾಯಿತಿ ಕೊಟ್ಟಳು. ಹುಡುಗಿಯರ ಹತ್ತಿರ ಬಟ್ಟೆಯ ಚೂರೂ ಜಾಸ್ತಿ, ಹೊತ್ತಿನ ಚೂರೂ ಜಾಸ್ತಿ. ಏನು ಮಾಡಲಿ ಅಂತ ನಿಂತಿರುವುದಕ್ಕಿಂತ ಗೊಂಬೆಗೋ ತಮ್ಮನಿಗೋ ಒಂದು ತೊಟ್ಟಿಲ ಕೌದಿ ಹೊಲಿಯಲಿ, ಎಂಬ ಅರ್ಥದ ಮಾತು ಅಲ್ಲಿದೆ. ನನಗೆ ಈ ಹೆಂಗಸು ಇಷ್ಟವಾಗುವುದು ಇಂಥದಕ್ಕೇ. ಕೌದಿಯನ್ನು ಅಟ್ಟಕ್ಕೇರಿಸಲಿಲ್ಲ. ಹೊತ್ತು ಹೋಗಬೇಕು, ಕೈ ಪಳಗಬೇಕು, ಅಷ್ಟೆ.

ಇದೇ ಲಿಡಿಯಾ ಗುಲಾಮಗಿರಿಯ ವಿರುದ್ಧ ಹೋರಾಡಿದವಳು. 1836ರ ಕೊನೆಯಲ್ಲಿ ಬಾಸ್ಟನ್‌ನಲ್ಲಿ ಗುಲಾಮಗಿರಿ ವಿರೋಧಿ ಮಹಿಳೆಯರು ಮಾರಾಟ ಮೇಳ ನಡೆಸಿದರು. ಅಲ್ಲಿ ನಕ್ಷತ್ರಗಳ ತೊಟ್ಟಿಲ ಕೌದಿಯೊಂದು ಮಾರಾಟಕ್ಕಿತ್ತು. ಹೊಲಿದದ್ದು ಅವಳೇ ಎನ್ನುತ್ತಾರೆ. ಅದು ಈಗ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ವಸ್ತುಗಳನ್ನು ಕಾಪಾಡುವ ಹಿಸ್ಟಾರಿಕ್ ನ್ಯೂ ಇಂಗ್ಲೆಂಡ್ ಸಂಸ್ಥೆಯಲ್ಲಿದೆ. ನಡುವೆ ಶಾಯಿಯಲ್ಲಿ ಒಂದು ಪದ್ಯ ಬರೆದಿದೆ. ನಿನ್ನ ಮಗುವನ್ನು ಅಪ್ಪಿಕೊಂಡಾಗ, ಯಾರ ಮಗುವನ್ನು ಕಿತ್ತುಕೊಂಡು ಮಾರಿದರೋ ಆ ಗುಲಾಮ ತಾಯಿಯನ್ನೂ ನೆನೆ ಎಂದು ಅದರ ಭಾವ. ಮಗುವಿಗೆ ಹೊದಿಸುವಾಗಲೆಲ್ಲ ತಾಯಿಯ ಕಣ್ಣಿಗೆ ಬೀಳುವ ಜಾಗದಲ್ಲಿ ಆ ಮಾತು!

ಎಲ್ಲ ಹುಡುಗಿಯರ ಕಲಿಕೆಯೂ ಗೊಂಬೆಯ ಪಕ್ಕದಲ್ಲಿ ನಡೆಯಲಿಲ್ಲ. ಎಲಿಜಬೆತ್ ಕೆಕ್ಲಿ ಗುಲಾಮಳಾಗಿ ಹುಟ್ಟಿ, ಗುಲಾಮಳಾಗಿದ್ದ ತಾಯಿಯಿಂದಲೇ ಹೊಲಿಗೆ ಕಲಿತಳು. ಸೇಂಟ್ ಲೂಯಿಸ್‌ನಲ್ಲಿ ತನ್ನ ಸೂಜಿಯಿಂದ ಯಜಮಾನರ ಮನೆಯವರೂ ಸೇರಿ 17 ಜನರ ಹೊಟ್ಟೆ ಹೊರೆದೆ ಎಂದು ಬರೆದಿದ್ದಾಳೆ. 1855ರಲ್ಲಿ 1,200 ಡಾಲರ್ ಕೊಟ್ಟು ತನ್ನನ್ನೂ ಮಗನನ್ನೂ ಬಿಡಿಸಿಕೊಂಡಳು. ಆಮೇಲೆ ಅಧ್ಯಕ್ಷ ಲಿಂಕನ್ ಹೆಂಡತಿಯ ಉಡುಪು ಹೊಲಿದಳು. ನಿಮ್ಮ ಪೆನ್ಸಿಲ್ವೇನಿಯಾದಲ್ಲೇ ಕಾರ್ಲೈಲ್ ಎಂಬ ಊರಿದೆ. ಅಲ್ಲಿ 1879ರಿಂದ 1918ರವರೆಗೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ತಂದು ಇಟ್ಟ ವಸತಿ ಶಾಲೆ ಇತ್ತು. ಹುಡುಗಿಯರಿಗೆ ಅರ್ಧ ದಿನ ಪಾಠ, ಅರ್ಧ ದಿನ ಒಗೆತ, ಅಡುಗೆ, ಹೊಲಿಗೆ. ಶಾಲೆಯ ಬಟ್ಟೆಯನ್ನೇ ಅವರಿಂದ ಹೊಲಿಸುತ್ತಿದ್ದರು. 'ಗೃಹಶಿಕ್ಷಣ' ಎಂಬ ಒಂದೇ ಹೆಸರಿನ ಕೆಳಗೆ ಇದೆಲ್ಲ ಬರುತ್ತದೆ.

ವಿಚಿತ್ರ ನೋಡಿ, ನಾನು ಕಂಡ ಗೊಂಬೆ ಕೌದಿಗಳಲ್ಲಿ ಹೆಚ್ಚಿನವು ಮೆಷಿನ್ ಬಂದು ಕೈಹೊಲಿಗೆಯ ಅಗತ್ಯ ಕಡಿಮೆಯಾದ ಮೇಲಿನವೇ. ಜರ್ಮನಿಯಿಂದ ಬರುವ ಚಂದದ ಗೊಂಬೆಗಳು, ಮಕ್ಕಳಿಗೆ ಆಟದ ಹೊತ್ತು, ಕೈಯಲ್ಲಿ ನಾಲ್ಕು ಕಾಸು. ಹೊಲಿಗೆ ಆಗ ಹೊಟ್ಟೆಪಾಡಿನ ವಿದ್ಯೆಯಿಂದ 'ಒಳ್ಳೆಯ ಹುಡುಗಿ'ಯ ಗುರುತಾಗಿ ಬದಲಾಗುತ್ತಿತ್ತು ಎಂದು ನನ್ನ ಅನಿಸಿಕೆ. ನಿಮ್ಮದು ಆ ಕಾಲದ್ದು. ಮದುವೆಗೆ ಮೊದಲು ಹನ್ನೆರಡು ಕೌದಿ ಮುಗಿಸಿ ಹದಿಮೂರನೆಯದನ್ನು ಮದುವೆಗೆಂದು ಹೊಲಿಯಬೇಕಿತ್ತು ಎಂಬ ಕಥೆಯನ್ನೂ ಅಂಗಡಿಗಳಲ್ಲಿ ಹೇಳುತ್ತಾರೆ. ಚಂದದ ಕಥೆ, ಆಧಾರ ತೀರಾ ತೆಳು.

ಈಗ ಆ ಸುಳಿವು. ಹಿಂದಿನ ಫೋಟೊದಲ್ಲಿ ಅಸ್ತರು ಒಂದು ಮೂಲೆಯಲ್ಲಿ ಬಿಟ್ಟುಕೊಂಡು ಒಳಗಿನ ಹೊಲಿಗೆ ಕಾಣುತ್ತಿದೆ. ದಾರದ ಶುರುವಿನಲ್ಲಿ ದಪ್ಪ ಗಂಟು. ಮೂರು ಹೊಲಿಗೆ ಒತ್ತಾಗಿ, ಆಮೇಲೆ ಒಂದು ಉದ್ದ ಜಿಗಿತ. ತುಂಡುಗಳ ಮೂಲೆಗಳು ಒಂದಕ್ಕೊಂದು ಕೂಡಿಲ್ಲ. ಇದು ಕಲಿಯುವ ಕೈ. ಆದರೆ ಪಕ್ಕದಲ್ಲೇ, ನಾಲ್ಕನೇ ಸಾಲಿನ ಎರಡನೇ ಮನೆಯಲ್ಲಿ ಹೊಲಿಗೆ ಸಾಸಿವೆ ಸುರಿದ ಹಾಗೆ ಸಣ್ಣಗೆ, ಸಮವಾಗಿದೆ. ಅದು ಬೇರೆ ಕೈ. 'ನೋಡು, ಹೀಗೆ' ಎಂದು ಯಾರೋ ಒಂದು ಮನೆ ಮಾಡಿ ತೋರಿಸಿರಬೇಕು. ಕೆಟ್ಟದ್ದನ್ನು ಬಿಚ್ಚಿ ತಾನೇ ಹೊಲಿದುಕೊಟ್ಟಿರಲೂಬಹುದು. ನನ್ನ ಮಟ್ಟಿಗೆ ಇದು ಅಂಗಡಿಯ ಚೀಟಿಗಿಂತ ದೊಡ್ಡ ದಾಖಲೆ.

ಕಲಿಯುವ ಕೈ ಎಂದೆ, ಹುಡುಗಿಯ ಕೈ ಎನ್ನಲಿಲ್ಲ. 1923ರಲ್ಲಿ ಅಮೆರಿಕದ ಅಧ್ಯಕ್ಷರಾದ ಕ್ಯಾಲ್ವಿನ್ ಕೂಲಿಜ್ ಹತ್ತು ವರ್ಷದ ಹುಡುಗನಾಗಿದ್ದಾಗ ಒಂದು ಕೌದಿಯ ಮೇಲ್ಮೈ ಜೋಡಿಸಿದ್ದರು. ಉರುಳುವ ಪೆಟ್ಟಿಗೆಗಳ ಹಾಗೆ ಕಾಣುವ, ಓರೆ ತುಂಡುಗಳ ಕಷ್ಟದ ವಿನ್ಯಾಸ ಅದು. ಅವರು ಬೆಳೆದ ವರ್ಮಾಂಟಿನ ಚಳಿಗಾಲದಲ್ಲಿ ಗಂಡುಮಕ್ಕಳನ್ನೂ ಮನೆಯೊಳಗೆ ಸುಮ್ನೆ ಕೂರಿಸಲು ಏನಾದರೂ ಬೇಕಿತ್ತಲ್ಲ. ಐದು ವರ್ಷ ಎಂಬುದೂ ಊಹೆಯೇ. ಎಂಟು ವರ್ಷದ ಸೋಮಾರಿ ಕೈಯೂ ಹೀಗೇ ಹೊಲಿಯುತ್ತದೆ.

ನಿಮ್ಮಜ್ಜಿಯ ಕೌದಿಗೂ ಇದಕ್ಕೂ ನಂಟಿಲ್ಲ, ಮಾಡುವ ಬಗೆಯೇ ಬೇರೆ. ಇಲ್ಲಿ ಮೊದಲು ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಒಂದು ಬಟ್ಟೆ ಮಾಡುತ್ತಾರೆ, ಆಮೇಲೆ ಹತ್ತಿ, ಅಸ್ತರು. ನಮ್ಮ ಕಡೆ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಚೂರುಗಳನ್ನಿಟ್ಟು, ಎಲ್ಲವನ್ನೂ ಒಟ್ಟಿಗೆ ಚುಚ್ಚಿ ಸಾಲು ಹೊಲಿಗೆ ಹಾಕುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕವಂದಿ ಎನ್ನುವ ತಮ್ಮ ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಮ್ಮಲ್ಲೂ ಪುಟ್ಟ ಕೌದಿ ಇದೆ, ಆದರೆ ಅದು ಎಳೆಗೂಸಿಗೆ, ಪಾಠಕ್ಕಲ್ಲ. ಕಲಿಯುವವಳು ದೊಡ್ಡ ಕೌದಿಯ ಒಂದು ಮೂಲೆಯಲ್ಲಿ ಕೂರುತ್ತಾಳೆ.

ಪಾಠದ ವಿಷಯಕ್ಕೆ ಬಂದರೆ ಮಾತ್ರ ಒಂದು ನಿಜವಾದ ನೆಂಟಸ್ತನ ಕಾಣುತ್ತದೆ. ನನ್ನ ಹೈಸ್ಕೂಲಿನ ಹೊಲಿಗೆ ಕ್ಲಾಸಿನಲ್ಲಿ ಒಂದು ರೆಕಾರ್ಡ್ ಪುಸ್ತಕ ಇತ್ತು. ಹೆಮ್ಮಿಂಗ್, ಕಾಜಾ, ತೇಪೆ, ಕೊನೆಗೆ ಗೊಂಬೆಗೂ ಬಿಗಿಯಾಗುವಂಥ ಒಂದು ಜಬ್ಲಾ, ಎಲ್ಲವನ್ನೂ ಹೊಲಿದು ಅಂಟಿಸಬೇಕು. ಎಷ್ಟೋ ವರ್ಷದ ನಂತರ, ಡಬ್ಲಿನ್‌ನ ಕಿಲ್ಡೇರ್ ಪ್ಲೇಸ್ ಸೊಸೈಟಿಯ ಶಾಲೆಗಳ 19ನೇ ಶತಮಾನದ ಹೊಲಿಗೆ ಪುಸ್ತಕದ ಚಿತ್ರ ನೋಡಿ ನಗು ಬಂತು. ಹಾಳೆಗೊಂದು ಬೆರಳುದ್ದದ ಅಂಗಿ, ಕಾಲುಚೀಲ! ಇಂಗ್ಲೆಂಡಿನಲ್ಲಿ 1862ರ ನಿಯಮದಂತೆ ಸರ್ಕಾರದ ಹಣ ಬೇಕಾದ ಶಾಲೆ ಹುಡುಗಿಯರಿಗೆ ಹೊಲಿಗೆ ಕಲಿಸಲೇಬೇಕಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಹೆಣ್ಣುಮಕ್ಕಳ ಶಾಲೆಗಳಲ್ಲೂ ಹೊಲಿಗೆ ಪಾಠದ ಭಾಗವಾಗಿತ್ತು. ನಮ್ಮ ರೆಕಾರ್ಡ್ ಪುಸ್ತಕ ಆ ಮನೆತನದ್ದೇ. ಅಜ್ಜಿಯ ಕೌದಿಯದ್ದಲ್ಲ.

ಕೊನೆಗೆ, ಯಾಕೆ ತೊಳೆಯಬಾರದು. ಕಂದು ಬಣ್ಣದ ಕೆಲವು ಚೂರುಗಳಲ್ಲಿ ಹೂವಿನ ಆಕಾರದಲ್ಲೇ ತೂತು ಬಿದ್ದಿದೆ. ಅದು ಇಲಿಯೂ ಅಲ್ಲ, ಹುಳುವೂ ಅಲ್ಲ. ಗಾಢ ಕಂದು ಮತ್ತು ಕಪ್ಪು ಹಿಡಿಯಲು ಆಗ ಕಬ್ಬಿಣದ ಲವಣ ಬಳಸುತ್ತಿದ್ದರು. ಅದು ವರ್ಷಗಟ್ಟಲೆ ಎಳೆಯನ್ನು ತಿನ್ನುತ್ತದೆ. ನೀರಿಗೆ ಹಾಕಿದರೆ ಉಳಿದದ್ದೂ ಉದುರುತ್ತದೆ. ಕೆಂಪಿನ ಚೂರುಗಳದು ಬೇರೆ ಅಪಾಯ. 1880ರ ದಶಕದಲ್ಲಿ ಬಂದ ಕಾಂಗೋ ರೆಡ್‌ನಂಥ ಅಗ್ಗದ ಬಣ್ಣ ಇದ್ದರೆ ಪಕ್ಕದ ಬಿಳಿಗೆಲ್ಲ ಹರಡುತ್ತದೆ.

ದೂಳು ತೆಗೆಯಬೇಕೆಂದರೆ ಮೇಲೆ ಸೊಳ್ಳೆ ಪರದೆಯಂಥ ಜಾಲರಿ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆಗೆ ಇಟ್ಟು, ಸ್ವಲ್ಪ ಮೇಲಿಂದಲೇ ಹಿಡಿಯಿರಿ. ಮಡಚಬೇಡಿ, ಇಷ್ಟು ಚಿಕ್ಕದನ್ನು ಮಡಚುವ ಅಗತ್ಯವೇ ಇಲ್ಲ. ಹಲವು ಸಲ ಒಗೆದು ಗಂಜಿ ಹೋದ ಬಿಳಿ ಪಂಚೆ ಇದ್ದರೆ ಅದರಲ್ಲಿ ಸುತ್ತಿ ಚಪ್ಪಟೆಯಾಗಿ ಇಡಿ. ಮರದ ಕಪಾಟಿನ ಹಲಗೆ ನೇರವಾಗಿ ತಾಗಬಾರದು. ನುಸಿಗುಳಿಗೆ ಬೇಡ. ಫ್ರೇಮ್ ಹಾಕಿಸಿ ಕಿಟಕಿಯ ಎದುರು ತೂಗುಹಾಕುವುದಂತೂ ಬೇಡವೇ ಬೇಡ. ಬಿಟ್ಟುಕೊಂಡ ಅಸ್ತರಿನ ಮೂಲೆಯನ್ನು ಹೊಲಿದು ಮುಚ್ಚಬೇಡಿ, ಒಳಗಿನ ಎರಡು ಕೈ ಕಾಣುವುದು ಅಲ್ಲೇ. ಯಾವಾಗ ಕೊಂಡಿರಿ, ಎಷ್ಟು ಕೊಟ್ಟಿರಿ, ಅಂಗಡಿಯವರು ಏನು ಹೇಳಿದರು ಎಂಬುದನ್ನು ಒಂದು ಚೀಟಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿಡಿ. 'ಅಂಗಡಿಯವರ ಮಾತು' ಎಂದೇ ಬರೆಯಿರಿ.

ಆಗುವುದಾದರೆ ಕೌದಿಯನ್ನು ಬೆಳಕಿಗೆ ಹಿಡಿದು ಇನ್ನೊಂದು ಫೋಟೊ ಕಳಿಸಿ. ಒಳಗೆ ಹತ್ತಿ ಇದೆಯೋ, ಇಲ್ಲ ಹಳೇ ಫ್ಲಾನಲ್ ಬಟ್ಟೆಯ ತುಂಡು ಹಾಕಿದ್ದಾರೋ ಗೊತ್ತಾಗುತ್ತದೆ. ಹತ್ತಿಯಲ್ಲಿ ಬೀಜದ ಚೂರು ಕರ್ರಗೆ ಕಂಡರೆ, ಇದು 1793ರಲ್ಲಿ ಬೀಜ ಬಿಡಿಸುವ ಯಂತ್ರ ಬರುವ ಮೊದಲಿನದು ಎಂದು ಯಾರಾದರೂ ಹೇಳಿಯಾರು. ನಂಬಬೇಡಿ. ಯಂತ್ರ ಬಂದು ನೂರು ವರ್ಷವಾದ ಮೇಲೂ ಅಗ್ಗದ ಹತ್ತಿಯಲ್ಲಿ ಬೀಜ ಇರುತ್ತಿತ್ತು.